ಅಕ್ಕನ ನರೆಗೂದಲು

ನನಗೆ ಅಕ್ಕನ ಮೇಲೆ ಹೊಟ್ಟೆಕಿಚ್ಚು ಎಂದು ನಮ್ಮ ಬೀದಿಯವರೆಲ್ಲ ಹೇಳುತ್ತಾರೆ. ಹೇಳಲಿ, ಅವರ ಬಾಯಿಗೆ ಬೀಗ ಹಾಕುವವರು ಯಾರು? ಆದರೆ ಮೊದಲು ಯಾತಕ್ಕೆ ಹೊಟ್ಟೆ ಉರಿಯುತ್ತಿತ್ತು, ಈಗ ಯಾತಕ್ಕೆ ಉರಿಯುತ್ತಿದೆ ಎಂದು ಕೇಳಿದರೆ ಅವರಲ್ಲಿ ಒಬ್ಬರಿಗೂ ಸರಿಯಾಗಿ ಹೇಳಲು ಬರುವುದಿಲ್ಲ. ಅದನ್ನು ನಾನೇ ಹೇಳಬೇಕು.

ನನ್ನ ಹೆಸರು ಚಂಪಕ. ಅಕ್ಕ ಮಂದಾಕಿನಿ ನನಗಿಂತ ಎರಡು ವರ್ಷ ದೊಡ್ಡವಳು. ನಾನು ಐವತ್ತು ದಾಟಿದ್ದೇನೆ ಎಂದರೆ ಅವಳು ಎಷ್ಟು ದಾಟಿರಬೇಕು, ನೀವೇ ಲೆಕ್ಕ ಹಾಕಿ. ಆದರೂ ಅವಳು ಹಾರ್ಮೋನಿಯಂ ಮುಂದೆ ಕೂತು ಹುಡುಗಿಯರಿಗೆ ಪಾಠ ಹೇಳುವಾಗ ಕಿಟಕಿಯಿಂದ ಇಣುಕಿದರೆ ಪಾಠ ಹೇಳುವವಳು ಯಾರು, ಕಲಿಯುವವರು ಯಾರು ಎಂದು ಗೊತ್ತಾಗುತ್ತಿರಲಿಲ್ಲ. ಹೆರಳು ಮೊಣಕಾಲು ಮುಟ್ಟುತ್ತಿತ್ತು. ನಕ್ಕರೆ ಕೆನ್ನೆ ತುಂಬುತ್ತಿತ್ತು. ಮಹಡಿ ಮೆಟ್ಟಿಲನ್ನು ಕೈಯಲ್ಲಿ ಬಿಂದಿಗೆ ಹಿಡಿದುಕೊಂಡೇ ಓಡಿ ಹತ್ತುತ್ತಿದ್ದಳು. ನಾನು ಅದೇ ಮೆಟ್ಟಿಲಿನ ಬುಡದಲ್ಲಿ ನಿಂತು ಸೊಂಟ ಹಿಡಿದುಕೊಂಡು ನೋಡುತ್ತಿದ್ದೆ.

ನಮ್ಮ ಊರಿಗೆ ಬಂದವರಿಗೆ ಬಸ್ಸಿಳಿದ ಕೂಡಲೇ ಒಂದು ಹಲಗೆ ಕಾಣುತ್ತದೆ. ಇಲ್ಲಿ ಯಾರನ್ನೂ ಸಂಬಂಧ ಹಚ್ಚಿ ಕರೆಯಬೇಡಿ ಎಂದು ಬರೆದಿದೆ. ತರಕಾರಿಯವನು ಗಿರಾಕಿಗಳನ್ನೆಲ್ಲ 'ಇವ್ರೇ' ಎನ್ನುತ್ತಾನೆ. ಕಂಡಕ್ಟರ್ 'ನೀಲಿ ಸೀರೆ, ಸ್ವಲ್ಪ ಮುಂದೆ ಹೋಗಿ' ಎನ್ನುತ್ತಾನೆ. ಪ್ರಾಯ ಬರುವವರೆಗೆ ನಾವೂ ಎಲ್ಲ ಊರಿನ ಮಕ್ಕಳ ಹಾಗೆಯೇ ಬೆಳೆಯುತ್ತೇವೆ. ಅಲ್ಲಿಂದ ಮುಂದೆ ನಮ್ಮ ವಯಸ್ಸು ನಮ್ಮನ್ನು ಕರೆಯುವವರ ಬಾಯಲ್ಲಿರುತ್ತದೆ. ಅಕ್ಕ, ಅಣ್ಣ ಎಂದರೆ ಯಾರಿಗೂ ಏನೂ ಆಗುವುದಿಲ್ಲ. ಮಗು ಮೊದಲ ಸಲ 'ಅಮ್ಮ' ಎಂದ ದಿನ ಹುಡುಗಿಯ ಸೊಂಟ ದಪ್ಪವಾಗುತ್ತದೆ, ಕಣ್ಣಿನ ಕೆಳಗೆ ಕಪ್ಪು ಬೀಳುತ್ತದೆ. ಅತ್ತೆ, ದೊಡ್ಡಮ್ಮ ಎಂದರೆ ಕಿವಿಯ ಪಕ್ಕದ ಒಂದೆರಡು ಕೂದಲು ನರೆಯುತ್ತವೆ. 'ಅಜ್ಜಿ' ಎಂದರೆ ಮುಗಿಯಿತು, ಸಂಜೆಯೊಳಗೆ ತಲೆ ಪೂರ್ತಿ ಬೆಳ್ಳಗಾಗಿ ಮಂಡಿ ಹಿಡಿದುಕೊಳ್ಳುತ್ತದೆ. ಅಂಥ ದಿನ ಮನೆಯಲ್ಲಿ ಪಾಯಸ ಮಾಡಿ ಬೀದಿಗೆಲ್ಲ ಹಂಚುತ್ತಾರೆ. ಹೊಸ ಅಜ್ಜಿ ನಗುನಗುತ್ತಾ ಹಂಚಿ, ಒಳಗೆ ಹೋಗಿ ಕನ್ನಡಿಯನ್ನು ಗೋಡೆಗೆ ತಿರುಗಿಸಿಡುತ್ತಾಳೆ.

ಕರೆಯಬೇಡ ಎಂದು ಹೇಳುವ ಹಕ್ಕು ಎಲ್ಲರಿಗೂ ಇದೆ. ಕರೆಯುವವರು ನಿಲ್ಲಿಸಿದರೆ ಬಂದ ವಯಸ್ಸೂ ಮೆಲ್ಲಗೆ ಸಡಿಲವಾಗಿ ಜಾರಿಹೋಗುತ್ತದೆ. ಆದರೆ ಹೀಗೆ ಕರೆ ಎಂದು ಕೇಳುವಂತಿಲ್ಲ. ಕೇಳಿ ಪಡೆದ ಕರೆ ಮೈಗೆ ಹತ್ತುವುದಿಲ್ಲ. ಇನ್ನು ಸಾವು, ಅದು ಇದ್ಯಾವುದನ್ನೂ ನೋಡದೆ ತನ್ನ ಪಾಡಿಗೆ ತಾನು ಬರುತ್ತದೆ. ಮೇಲಿನ ಕೇರಿಯ ಪರಶುರಾಮ ಮದುವೆ ಮಕ್ಕಳು ಏನೂ ಬೇಡವೆಂದು ಎಂಬತ್ತು ದಾಟುವವರೆಗೂ ಎಳೇ ಮೀಸೆ ಹೊತ್ತುಕೊಂಡು ತಿರುಗಿದ. ಅವನು ಸತ್ತಾಗ ಚಟ್ಟ ಹೊತ್ತವರು ಮದುಮಗನನ್ನು ಕಳೆದುಕೊಂಡ ಹಾಗೆ ಅತ್ತರು. ಅವನ ಹಲ್ಲುಗಳು ಅಷ್ಟು ಚೆನ್ನಾಗಿದ್ದವು.

ಅಕ್ಕನೂ ಹಾಗೇ, ಬೇಕೆಂದೇ ಯಾರಿಂದಲೂ ಕರೆಸಿಕೊಳ್ಳದೆ ಪ್ರಾಯವನ್ನು ಕಾಪಾಡಿಕೊಂಡಿದ್ದಾಳೆ ಎಂದು ನಾನು ನಂಬಿದ್ದೆ. ಮದುವೆ ಬೇಡವೆಂದಳು. ಪಾಠಕ್ಕೆ ಬರುವ ಹುಡುಗಿಯರು ಅವಳನ್ನು ಮಂದಾ ಎನ್ನುತ್ತಿದ್ದರು. ನನ್ನ ಮಗಳು ಕೇತಕಿಯೂ ಮಾತು ಕಲಿತಾಗಿನಿಂದ ಮಂದಾ ಎಂದೇ ಕರೆದಳು. ಹಾಗೆ ಕರೆಯಲು ಹೇಳಿಕೊಟ್ಟವಳು ನಾನೇ. ನನ್ನ ಮಗುವಿನ ಬಾಯಿಂದ ಇನ್ನೊಬ್ಬಳಿಗೆ ವಯಸ್ಸು ಬಂತು ಎಂಬ ಮಾತು ಯಾಕೆ ಬೇಕು? ಅಕ್ಕ ಅದಕ್ಕೆ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.

ಎಲ್ಲ ಶುರುವಾದದ್ದು ನನ್ನ ಗಂಡ ವಾಮನನ ಕಡೆಯ ಒಂದು ಮದುವೆಯಲ್ಲಿ. ಫೋಟೋ ತೆಗೆಯುವವನು ಹೊರಗಿನ ಊರಿನವನು. ವೇದಿಕೆಯ ಮೇಲೆ ನಾನೂ ಅಕ್ಕನೂ ಒಟ್ಟಿಗೆ ನಿಂತಿದ್ದೆವು. ಅವನು ಅಕ್ಕನನ್ನು ಮದುಮಗಳ ಗೆಳತಿಯರ ಸಾಲಿಗೆ ಕಳಿಸಿ, ನನಗೆ ಕುರ್ಚಿ ತೋರಿಸಿದ. 'ನೀವು ಇಲ್ಲಿ ಕೂತ್ಕೊಳಿ, ನಿಮ್ಮ ಮಗಳು ಹಿಂದೆ ನಿಂತ್ಕೊಳ್ಳಲಿ' ಎಂದ. ಅಕ್ಕ ಕಿಸಕ್ಕನೆ ನಕ್ಕಳು. ಆ ನಗುವಿನಲ್ಲಿ ಕೆಟ್ಟದ್ದು ಏನೂ ಇರಲಿಲ್ಲ ಎಂದು ಈಗ ಹೇಳಬಲ್ಲೆ, ಅಂದು ಮಾತ್ರ ನನ್ನ ಎದೆಗೆ ಕೆಂಡ ಸುರಿದ ಹಾಗಾಯಿತು. ಊಟಕ್ಕೆ ಪಕ್ಕಪಕ್ಕದಲ್ಲೇ ಕೂತೆವು. ಪಂಕ್ತಿಯಲ್ಲಿ ಬಡಿಸುವ ಹುಡುಗರು ಅಕ್ಕನ ಎಲೆಗೆ ಹೋಳಿಗೆಯ ಮೇಲೆ ಹೋಳಿಗೆ ಹಾಕುತ್ತಿದ್ದರು. ನನ್ನ ಎಲೆಯ ಮುಂದೆ ಬಂದಾಗ 'ನಿಮಗೆ ಸಕ್ಕರೆ ಕಾಯಿಲೆ ಏನಾದ್ರೂ ಇದೆಯಾ?' ಎಂದು ಕೇಳಿದರು.

ಮನೆಗೆ ಬಂದು ಸೀರೆಯನ್ನೂ ಬದಲಿಸದೆ ಕನ್ನಡಿಯ ಮುಂದೆ ನಿಂತೆ. ವಾಮನ ಒಂದು ಹಳೇ ಹೊಲಿಗೆ ಯಂತ್ರ ಬಿಚ್ಚಿಕೊಂಡು ಕೂತಿದ್ದ. ಯಂತ್ರ ರಿಪೇರಿ ಅವನ ಕಸುಬು. ಅವನಿಗೆ ವಯಸ್ಸಿನ ಚಿಂತೆ ಇಲ್ಲ. ಬೀದಿಯ ಮಕ್ಕಳೆಲ್ಲ ತಾತಾ ತಾತಾ ಎಂದು ಅವನಿಗೆ ಜೋತುಬಿದ್ದು, ಯಾವಾಗಲೋ ಬೋಳು ತಲೆ, ಬಿಳಿ ಮೀಸೆಯಾಗಿ, ಅದರಲ್ಲೇ ಸುಖವಾಗಿದ್ದಾನೆ.

'ನಾನು ಚೆನ್ನಾಗಿದ್ದೆ ಅಲ್ವಾ?' ಎಂದು ಕೇಳಿದೆ.

'ಯಾವಾಗ?'

'ಕೇತಕಿ ಮಾತಾಡೋಕೆ ಮುಂಚೆ.'

ಅವನು ಎಣ್ಣೆಯ ಕೈ ಒರೆಸಿಕೊಳ್ಳುತ್ತ ಯೋಚಿಸಿದ. 'ಇದ್ದೆ ಅಂತ ಕಾಣ್ಸುತ್ತೆ. ನಿಮ್ಮಕ್ಕನ ಥರಾನೇ ಇದ್ದೆ' ಎಂದ. ಬೇರೆ ಯಾವ ಮಾತನ್ನು ಆಡಿದ್ದರೂ ನಾನು ಸುಮ್ಮನಿರುತ್ತಿದ್ದೆ.

ಮಾರನೆಯ ಬೆಳಗ್ಗೆ ಕೇತಕಿಯನ್ನು ಅಡುಗೆಮನೆಗೆ ಕರೆದೆ. ಅವಳು ಗಂಡನ ಜೊತೆ ನಮ್ಮ ಮನೆಯ ಮುಂದಿನ ಭಾಗದಲ್ಲೇ ಇದ್ದಾಳೆ. ಅಳಿಯ ಜಾಣ, ನನ್ನನ್ನು ಏನೆಂದೂ ಕರೆಯದೆ ಗಂಟಲು ಸರಿಮಾಡಿಕೊಂಡು ಮಾತು ಶುರುಮಾಡುತ್ತಾನೆ. ಅವರ ಮಗು ಹೂವಿ ಆಗಿನ್ನೂ ತೊದಲು ಮಾತಿಗೆ ಬರುತ್ತಿದ್ದಳು. ನನಗೆ ಇದ್ದದ್ದು ಎರಡು ಭಯ. ಮಗಳು ಕರೆಯುತ್ತಿರುವ ಅಮ್ಮ ಒಂದು, ಮೊಮ್ಮಗಳು ಇಂದೋ ನಾಳೆಯೋ ಕರೆಯಲಿರುವ ಅಜ್ಜಿ ಇನ್ನೊಂದು.

'ನೋಡೇ, ಇನ್ಮೇಲೆ ನನ್ನನ್ನ ಹೆಸರು ಹಿಡಿದು ಕರಿ' ಎಂದೆ.

ಕೇತಕಿ ಹಿಟ್ಟು ಕಲೆಸುತ್ತಿದ್ದ ಕೈಯನ್ನು ಹಾಗೇ ನಿಲ್ಲಿಸಿದಳು. 'ಏನಂತ? ಚಂಪಾ ಅಂತಾನಾ? ನನ್ನ ಕೈಲಿ ಆಗಲ್ಲಮ್ಮ.'

'ಮಂದಾನ ಕರೀತೀಯಲ್ಲ, ಹಾಗೇನೆ.'

'ಮಂದಾ ಬೇರೆ. ನೀನು ನಮ್ಮಮ್ಮ ಅಲ್ವಾ?'

'ನಾನೆಲ್ಲಿಗೆ ಹೋಗ್ತೀನೇ? ಕರೆಯೋದೊಂದು ಬೇಡ ಅಂದೆ ಅಷ್ಟೆ. ಮಗೂಗೂ ಹಾಗೇ ಹೇಳಿಕೊಡು. ಇಷ್ಟು ದಿನ ಎಲ್ಲರಿಗೂ ದುಡಿದದ್ದಾಯ್ತು, ನನಗೂ ಸ್ವಲ್ಪ ಆಸೆ ಇರಬಾರದಾ?'

ಅವಳು ಅತ್ತಳು. ಅತ್ತರೂ ನನ್ನ ಮಾತು ಮೀರುವವಳಲ್ಲ. ಸಂಜೆ ಹೊಸ್ತಿಲ ಹತ್ತಿರ ನಿಂತು, ಬೇರೆ ಕಡೆ ನೋಡುತ್ತ, 'ಚಂಪಾ, ಹಾಲು ಬಂದಿದೆ' ಎಂದಳು. ನನಗೆ ಮೈ ಜುಮ್ಮೆಂದಿತು. ಸಂತೋಷವೇ ಇರಬೇಕು ಎಂದುಕೊಂಡೆ.

ಆಮೇಲಿನ ದಿನಗಳ ಸುಖವನ್ನು ಮಾತ್ರ ನಾನು ಅಲ್ಲಗಳೆಯಲಾರೆ. ಮೊದಲು ಸೊಂಟದ ನೋವು ಹೋಯಿತು. ಬೆರಳಿನಲ್ಲಿ ಸಿಕ್ಕಿಕೊಂಡಿದ್ದ ಉಂಗುರ ತಾನಾಗಿ ಕಳಚಿ ಬಂತು. ಟ್ರಂಕಿನ ತಳದಲ್ಲಿದ್ದ ಮಾವಿನ ಚಿಗುರಿನ ಬಣ್ಣದ ರವಿಕೆ ತೋಳಿಗೆ ಹತ್ತಿತು, ಆಮೇಲೆ ಎದೆಗೂ ಸರಿಹೋಯಿತು. ಬಾವಿಯಿಂದ ಸೇದಿದ ನೀರು ಕೈಗೆ ಭಾರವೆನಿಸಲಿಲ್ಲ. ಒಂದು ದಿನ ಮಹಡಿ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ, ಮೇಲೆ ನಿಂತು, ಯಾರೂ ಇಲ್ಲದಿದ್ದರೂ ಜೋರಾಗಿ ನಕ್ಕೆ. ಪೇಟೆಯಲ್ಲಿ ಬಳೆ ಅಂಗಡಿಯವನು ಕೈ ಹಿಡಿದು ಬಳೆ ತೊಡಿಸುವಾಗ ಅಗತ್ಯಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಹಿಡಿದುಕೊಂಡಿದ್ದ. ಬೈಯಬೇಕಿತ್ತು. ಇನ್ನೊಂದು ಡಜನ್ ತೊಡಿಸಲು ಹೇಳಿದೆ.

ಅಷ್ಟಾದರೂ ಅಕ್ಕನ ಮೇಲಿನ ಉರಿ ಆರಲಿಲ್ಲ. ಇಬ್ಬರೂ ಒಟ್ಟಿಗೆ ಹೊರಟರೆ ಜನ ಮೊದಲು ಅವಳನ್ನೇ ನೋಡುತ್ತಿದ್ದರು. ಪ್ರಾಯ ವಾಪಸ್ಸು ಬಂದರೂ ಮೂಗು ನನ್ನದೇ ಮೂಗು ಎಂಬುದನ್ನು ನಾನು ಮರೆತಿದ್ದೆ. ಅಕ್ಕ ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ, 'ಎಷ್ಟು ಚೆನ್ನಾಗಿ ಕಾಣ್ತಿದೀಯೇ ಚಂಪಿ' ಎಂದಳು. ಆಮೇಲೆ, 'ಕೇತಕಿಗೆ ಬೇಜಾರಿಲ್ವಾ?' ಎಂದು ಕೇಳಿದಳು. ನನ್ನ ಚೆಲುವನ್ನು ಕಂಡು ಅವಳಿಗೆ ಸಹಿಸಲಾಗುತ್ತಿಲ್ಲ ಎಂದುಕೊಂಡು ಒಳಗೊಳಗೇ ಹಿಗ್ಗಿದೆ. ವಾಮನ ಮಾತ್ರ ನನ್ನ ಪಕ್ಕದಲ್ಲಿ ನಡೆಯುವುದನ್ನು ಬಿಟ್ಟ. 'ನಿನ್ನ ಜೊತೆ ಕೂತ್ಕೊಳ್ಳೋಕೆ ಏನೋ ಸಂಕೋಚ ಕಣೆ, ಯಾರದೋ ಮನೆ ಹುಡುಗಿ ಥರ ಇದೀಯ' ಎಂದು ತನ್ನ ಯಂತ್ರಗಳ ಕಡೆ ತಿರುಗಿ ಕೂತ.

ಹೂವಿಗೆ ಪಾಠ ನಾನೇ ಹೇಳಿಕೊಟ್ಟೆ. ತೊಡೆಯ ಮೇಲೆ ಕೂರಿಸಿಕೊಂಡು, ಬೆಲ್ಲದ ಚೂರು ಬಾಯಿಗಿಟ್ಟು, ನನ್ನ ಎದೆ ಮುಟ್ಟಿ ತೋರಿಸಿ 'ಚಂಪಾ' ಎನ್ನುತ್ತಿದ್ದೆ. ಮಗು ಬುದ್ಧಿವಂತೆ, ಬೇಗ ಕಲಿತಳು. ಅಪ್ಪ, ಅಮ್ಮ, ತಾತ, ಚಂಪಾ. ಬೇಡ ಎನ್ನುವ ಹಕ್ಕನ್ನಷ್ಟೇ ನಾನು ಬಳಸಿದೆ, ತಪ್ಪೇನು? ಆದರೆ ಮಕ್ಕಳು ಬೀದಿಯಲ್ಲಿ ಬೆಳೆಯುತ್ತವೆ. ಪಕ್ಕದ ಮನೆಯಲ್ಲಿ, ಎದುರು ಮನೆಯಲ್ಲಿ, ಎಲ್ಲ ಕಡೆ ಒಬ್ಬ ಅಜ್ಜಿ ಇರುತ್ತಾಳೆ. ತುತ್ತು ತಿನ್ನಿಸುವ, ಬಿದ್ದರೆ ಮಣ್ಣು ಒರೆಸುವ, ಅಮ್ಮ ಹೊಡೆಯಲು ಬಂದರೆ ಸೆರಗಿನಲ್ಲಿ ಬಚ್ಚಿಡುವ ಒಬ್ಬಳು. ನಾನು ಆಗ ಹೊಸ ಸೀರೆ ಕೊಳೆಯಾಗುತ್ತದೆಂದು ಹೂವಿಯನ್ನು ಎತ್ತಿಕೊಳ್ಳುವುದು ಕಡಿಮೆ ಮಾಡಿದ್ದೆ. ಪೇಟೆ, ಸಿನಿಮಾ, ನದಿಯ ದಂಡೆ ಎಂದು ತಿರುಗುವವಳಿಗೆ ಮಗುವನ್ನು ಕಟ್ಟಿಕೊಂಡು ಹೋಗಲಾಗುತ್ತದೆಯೇ? ಅಕ್ಕನ ಮನೆ ನಮ್ಮದರಿಂದ ಮೂರನೆಯದು. ಹೂವಿಯನ್ನು ಅವಳ ಹತ್ತಿರ ಬಿಟ್ಟು ಹೋಗುತ್ತಿದ್ದೆ. ಹಾರ್ಮೋನಿಯಂನ ಕಪ್ಪು ಬಿಳಿ ಮನೆಗಳನ್ನು ಮಗು ಬಡಿಯುವುದು ಬೀದಿಗೆಲ್ಲ ಕೇಳುತ್ತಿತ್ತು.

ಆ ದಿನ ನಾನು ಮಗುವನ್ನು ಕರೆದುಕೊಂಡು ಬರಲು ಹೋದಾಗ ಮಧ್ಯಾಹ್ನದ ಬಿಸಿಲು. ಅಕ್ಕ ಹಿತ್ತಲಿನ ಕಟ್ಟೆಯ ಮೇಲೆ ಸಂಡಿಗೆ ಒಣಗಿಹಾಕುತ್ತಿದ್ದಳು. ಹೂವಿ ಕಟ್ಟೆಯಿಂದ ಇಳಿಯಲು ಹೋಗಿ ಮುಗ್ಗರಿಸಿ ಬಿದ್ದಳು. ನಾನು ಬಾಗಿಲಲ್ಲಿದ್ದೆ, ಅಕ್ಕ ಕಟ್ಟೆಯ ಆ ತುದಿಯಲ್ಲಿ ಇನ್ನೂ ದೂರದಲ್ಲಿದ್ದಳು. ಮಗು ತಲೆ ಎತ್ತಿ ನನ್ನನ್ನು ನೋಡಿದಳು, ಸ್ಪಷ್ಟವಾಗಿ ನೋಡಿದಳು. ಆಮೇಲೆ ಮುಖ ತಿರುಗಿಸಿ, ಎರಡೂ ಕೈ ಅಕ್ಕನ ಕಡೆ ಚಾಚಿ, 'ಅಜ್ಜೀ' ಎಂದು ಬಾಯಿತುಂಬ ಕರೆದಳು.

ಅಕ್ಕನ ಕೈಯಿಂದ ಸಂಡಿಗೆ ಹಿಟ್ಟಿನ ಪಾತ್ರೆ ಕೆಳಗೆ ಬಿತ್ತು. ಓಡಿಹೋಗಿ ಮಗುವನ್ನು ಎತ್ತಿಕೊಂಡಳು. ಅದೇ ಅವಳ ಕೊನೆಯ ಓಟ. ನನ್ನ ಕಣ್ಣ ಮುಂದೆಯೇ ಅವಳ ಬೈತಲೆಯಿಂದ ಬಿಳುಪು ಇಳಿಯತೊಡಗಿತು, ಹೆರಳಿನುದ್ದಕ್ಕೂ ಇಳಿಯಿತು. ಹಲ್ಲು ಉದುರಿ ಕೆನ್ನೆ ಜೋತಿತು. ಬೆನ್ನು ಬಾಗಿತು. ನಡುವೆ ನಿಲ್ಲಲು ಅವಳಿಗೆ ಅಮ್ಮನ ವಯಸ್ಸು ಇರಲೇ ಇಲ್ಲವಲ್ಲ, ಹುಡುಗಿಯಿಂದ ನೇರ ಮುದುಕಿಯಾದಳು. ನನಗೆ ಒಂದು ಕ್ಷಣ ಆದ ಸಂತೋಷವನ್ನು ದೇವರೇ ಬಲ್ಲ. ಆಯಿತು, ಇವಳ ಕಥೆ ಮುಗಿಯಿತು, ಇನ್ನು ಯಾವ ಫೋಟೋದವನು ಇವಳನ್ನು ನನ್ನ ಮಗಳು ಎನ್ನುತ್ತಾನೋ ನೋಡೋಣ ಎಂದುಕೊಂಡೆ.

'ಅಯ್ಯೋ ಅಕ್ಕ, ಹೀಗಾಯ್ತಲ್ಲ, ಬಾಯಿ ಮುಚ್ಚಿಸಬಾರದಿತ್ತಾ?' ಎಂದು ಮರುಕದ ದನಿಯಲ್ಲೇ ಕೇಳಿದೆ.

ಅವಳು ಕಟ್ಟೆಗೆ ಒರಗಿ ಕುಸಿದು ಕೂತಿದ್ದಳು. ಅಳುತ್ತಿದ್ದಾಳೆಂದುಕೊಂಡೆ. ಅಳುತ್ತಲೂ ಇದ್ದಳು, ಆದರೆ ಬೊಚ್ಚು ಬಾಯಿ ಅಗಲಿಸಿ ನಗುತ್ತಲೂ ಇದ್ದಳು. 'ಯಾಕೆ ಮುಚ್ಚಿಸಲಿ ಚಂಪಿ? ನನ್ನನ್ನ ಯಾರೂ ಕರೀಲೇ ಇಲ್ಲ ಕಣೆ. ಕೇಳೋ ಹಾಗಿಲ್ಲವಲ್ಲ, ಸುಮ್ನಿದ್ದೆ. ನಿನ್ನ ಮಗಳು ದೊಡ್ಡಮ್ಮ ಅಂತಾಳೇನೋ ಅಂತ ಕಾದೆ. ಮಂದಾ ಅಂದ್ಲು. ಪಾಠದ ಹುಡುಗೀರು ಮಂದಾ ಅಂದ್ರು. ಈ ಹೆರಳು ಬಾಚಿ ಬಾಚಿ ನನಗೆ ಸಾಕಾಗಿತ್ತು' ಎಂದಳು. ಹೂವಿ ಅವಳ ಬಿಳಿ ಹೆರಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, 'ಅಜ್ಜಿ, ಅಜ್ಜಿ' ಎನ್ನುತ್ತಲೇ ಇದ್ದಳು. ಪ್ರತಿಯೊಂದು ಕರೆಗೂ ಅಕ್ಕ 'ಏನಮ್ಮ, ಏನು ಕಂದ' ಎಂದು ಓಗೊಡುತ್ತಿದ್ದಳು. ನನ್ನ ಸಂತೋಷ ಅಲ್ಲೇ ಹುಳಿಯಾಯಿತು.

ಸಂಜೆ ಅಕ್ಕನೇ ಪಾಯಸ ಮಾಡಿದಳು. ಪಾತ್ರೆ ಇಳಿಸಲು ಆಗದೆ ಕೇತಕಿಯನ್ನು ಕರೆದಳು. ಮನೆಮನೆಗೆ ಹಂಚಿ ಬಂದಳು, ಕೋಲೂರಿಕೊಂಡೇ ಹಂಚಿದಳು. ಯಾವ ಕನ್ನಡಿಯನ್ನೂ ಗೋಡೆಗೆ ತಿರುಗಿಸಲಿಲ್ಲ. ಬೀದಿಯ ಹೆಂಗಸರು ಅವಳ ನರೆಯನ್ನು ಮುಟ್ಟಿ ಮುಟ್ಟಿ ನೋಡಿ, ಇಷ್ಟು ಬೆಳ್ಳನೆಯದು ಈ ಕೇರಿಯಲ್ಲೇ ಇಲ್ಲ ಎಂದು ಹೊಗಳಿದರು. ಅದರಲ್ಲೂ ಅವಳೇ ಮೇಲು. ನನ್ನ ಪಾಲಿನ ಪಾಯಸವನ್ನು ನಾನು ಹಾಗೇ ಬೆಕ್ಕಿಗೆ ಸುರಿದೆ.

ಆ ಕರೆ ನನ್ನದು. ನನ್ನ ಮಗಳ ಮಗಳ ಬಾಯಲ್ಲಿ ಹುಟ್ಟಿದ್ದು, ನನಗೆ ಸೇರಬೇಕಾದದ್ದು. ಬೇಡ ಎಂದು ನಾನು ಬದಿಗಿಟ್ಟದ್ದನ್ನು ಇನ್ನೊಬ್ಬಳು ಎತ್ತಿಕೊಂಡು ಹೋಗಬಹುದು ಎಂದು ಯಾರಾದರೂ ಹೇಳಬಾರದಿತ್ತೇ? ಒಂದು ವಾರ ಯೋಚಿಸಿ, ಹೂವಿಯನ್ನು ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದೆ. 'ಪುಟ್ಟಿ, ನನ್ನನ್ನೂ ಅಜ್ಜಿ ಅನ್ನು' ಎಂದೆ. ನಮ್ಮೂರಲ್ಲಿ ಹುಟ್ಟಿ ಬೆಳೆದವಳು ಹೀಗೆ ಕೇಳಬಾರದೆಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಕೇಳಿದೆ. ಮಗು ಬೆಲ್ಲಕ್ಕಾಗಿ ಕೈ ಚಾಚಿ, ಹೇಳಿಕೊಟ್ಟ ಹಾಗೆ 'ಅಜ್ಜಿ' ಎಂದಳು. ಕನ್ನಡಿಯ ಮುಂದೆ ನಿಂತು ತಲೆಯ ಕೂದಲನ್ನೆಲ್ಲ ಬಿಡಿಸಿ ಬಿಡಿಸಿ ಹುಡುಕಿದೆ. ಒಂದೇ ಒಂದು ಎಳೆಯೂ ಬೆಳ್ಳಗಾಗಿರಲಿಲ್ಲ. ಮಂಡಿ ಮಡಚಿ ಕೂತೆದ್ದೆ, ಎಲ್ಲೂ ಚಳುಕು ಇರಲಿಲ್ಲ.

ಕೇತಕಿಯನ್ನೂ ಕೇಳಲು ಮನಸ್ಸಾಗಿತ್ತು, ಬಾಯಿ ಬರಲಿಲ್ಲ. ಒಂದು ಬೆಳಗ್ಗೆ ಅವಳು ಕಾದ ಬಾಣಲೆ ಮುಟ್ಟಿ ಕೈ ಸುಟ್ಟುಕೊಂಡು 'ಅಮ್ಮಾ' ಎಂದು ಕೂಗಿದಳು. ನಾನು ಹಿತ್ತಲಿನಿಂದ ಬಿದ್ದು ಎದ್ದು ಓಡಿಬಂದೆ. 'ಬಂದೆ ಮಗಳೇ, ಕರೆದೆಯಾ?' ಎಂದೆ.

'ಇಲ್ಲ, ಉರೀತು, ಕೂಗಿಬಿಟ್ಟೆ' ಎಂದಳು ಕೇತಕಿ, ಕೈಯನ್ನು ಊದಿಕೊಳ್ಳುತ್ತ. 'ಚಂಪಾ, ಸ್ವಲ್ಪ ತಣ್ಣೀರು ತಗೊಂಡು ಬಾ.' ಈಗ ಅವಳು ನನ್ನ ಹೆಸರನ್ನು ನನ್ನ ಮುಖ ನೋಡಿಕೊಂಡೇ ಹೇಳುತ್ತಾಳೆ. ಅಭ್ಯಾಸವಾಗಿದೆ.

ದಿನಾ ಸಂಜೆ ಅಕ್ಕನ ಮಂಡಿಗೆ ಎಣ್ಣೆ ಹಚ್ಚುವುದು ನನ್ನ ಕೆಲಸವಾಗಿದೆ. ಬೇರೆ ಯಾರು ಹಚ್ಚಬೇಕು? ನನ್ನ ಕೈಯಲ್ಲಿ ಬಲವಿದೆ. ಅವಳು ನೋವಿಗೆ ನರಳಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಆ ನೋವು ನನ್ನದು, ಆ ಸುಕ್ಕು ನನ್ನದು, ಆ ಬೊಚ್ಚು ಬಾಯಿ ನನ್ನದಾಗಬೇಕಿತ್ತು ಎಂದು ಗಟ್ಟಿಯಾಗಿ ತಿಕ್ಕುತ್ತೇನೆ. 'ಮೆಲ್ಲಗೆ ಕಣೇ' ಎನ್ನುತ್ತಾಳೆ ಅವಳು.

ನಿನ್ನೆ ಹಾಗೆ ಹಚ್ಚುತ್ತಿದ್ದಾಗ ಎದುರು ಮನೆಗೆ ಹೊಸದಾಗಿ ಬಾಡಿಗೆಗೆ ಬಂದ ಹೆಂಗಸು ಪರಿಚಯ ಮಾಡಿಕೊಳ್ಳಲು ಬಂದಳು. ಹೊರಗಿನ ಊರಿನವಳಾದರೂ ಹಲಗೆ ಓದಿಕೊಂಡೇ ಬಂದಿದ್ದಳು, ಯಾರನ್ನೂ ಏನೂ ಕರೆಯದೆ ನಕ್ಕು ನಿಂತಳು. ಹೂವಿ ಅಕ್ಕನ ಮಡಿಲಿನಲ್ಲಿ ಕೂತು ನೆಲಗಡಲೆ ಸುಲಿಯುತ್ತಿದ್ದಳು.

'ಇವರೆಲ್ಲ ಯಾರು ಮರಿ?' ಎಂದು ಅವಳು ಮಗುವನ್ನೇ ಕೇಳಿದಳು.

'ಇವರು ನಮ್ಮಜ್ಜಿ' ಎಂದಳು ಹೂವಿ, ಅಕ್ಕನ ಕೆನ್ನೆ ಮುಟ್ಟಿ. ಆಮೇಲೆ ನನ್ನ ಕಡೆ ಬೆರಳು ತೋರಿಸಿದಳು. 'ಇವಳು ಚಂಪಾ. ನಮ್ಮನೇಲಿ ಇರ್ತಾಳೆ.'

ಆ ಹೆಂಗಸು ತಲೆಯಾಡಿಸಿ, ತನ್ನ ಮನೆಗೆಲಸಕ್ಕೂ ನನಗೆ ಬಿಡುವು ಇರುತ್ತದೆಯೇ ಎಂದು ಅಕ್ಕನನ್ನು ಕೇಳಿದಳು.